ಆಕಾಶವಾಣಿಗೆ ತೊಂಬತ್ತು: ಮೇಷ್ಟರ ಮನೆಯಿಂದ ಕ್ಯಾಂಪಸ್‌ವರೆಗೆ

ಎಂಬತ್ತರ ದಶಕದಲ್ಲಿ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವನು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಲೇ ಹೋಗಬಹುದಿತ್ತು. ಒಂದು ಮನೆಯ ಕಿಟಕಿಯಲ್ಲಿ ಪಲ್ಲವಿ, ಮೂರನೆಯ ಮನೆಯ ಜಗಲಿಯಲ್ಲಿ ಚರಣ, ತಿರುವಿನ ಕ್ಷೌರದಂಗಡಿ ತಲುಪುವಷ್ಟರಲ್ಲಿ ಹಾಡು ಮುಗಿದು ನಿಲಯದವರು ಮುಂದಿನ ಕಾರ್ಯಕ್ರಮದ ಹೆಸರು ಹೇಳುತ್ತಿದ್ದರು. ಕೇಂದ್ರ ಒಂದೇ, ದನಿ ಒಂದೇ. ಮಾಗಡಿ ರಸ್ತೆಗೂ ವಿಜಯನಗರಕ್ಕೂ ನಡುವಿನ ಈ ಬಡಾವಣೆಗಳಲ್ಲಿ ಅಂದು ಎಷ್ಟೋ ಮನೆಗಳ ಹೆಂಗಸರು ಊದುಬತ್ತಿ ಹೊಸೆಯುತ್ತಿದ್ದರು. ಸಾವಿರಕ್ಕೆ ಇಷ್ಟು ಎಂಬ ಲೆಕ್ಕದ ಕೂಲಿ. ಕೈ ಮತ್ತು ಕಣ್ಣು ಎರಡೂ ಹಲಗೆಯ ಮೇಲಿನ ಹಿಟ್ಟಿಗೆ ಅಡವಾಗಿದ್ದ ಆ ಕೆಲಸದಲ್ಲಿ ಬಿಡುವಾಗಿದ್ದುದು ಕಿವಿಯೊಂದೇ. ರೇಡಿಯೋ ಎಂಬ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಕೇಳುಗರು ಸಿಕ್ಕಿರಲಾರರು ಎಂದು ನನಗೆ ಈಗಲೂ ಅನಿಸುತ್ತದೆ.

ಈ ನೆನಪು ಮರುಕಳಿಸಲು ಕಾರಣ ಒಂದು ತಾರೀಖು. 2025ರ ಸೆಪ್ಟೆಂಬರ್ 10ಕ್ಕೆ ಮೈಸೂರಿನ ‘ಆಕಾಶವಾಣಿ’ಗೆ ತೊಂಬತ್ತು ವರ್ಷ ತುಂಬಿತು. ಇದು ಸರ್ಕಾರದ ಸಂಸ್ಥೆಯೊಂದರ ಹುಟ್ಟುಹಬ್ಬವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಒಬ್ಬ ಕಾಲೇಜು ಮೇಷ್ಟರ ಮನೆಯಲ್ಲಿ ಹುಟ್ಟಿದ ಕೂಸು. ಅದನ್ನು ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದ ಕಥೆಯೆಂದು ನೆನೆಯುವುದೇ ಹೆಚ್ಚು ನ್ಯಾಯ.

ಡಾ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. (ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಬೆಳೆಸಿದ ಡಾ. ಎಂ.ವಿ. ಗೋವಿಂದಸ್ವಾಮಿಯವರೊಂದಿಗೆ ಇವರನ್ನು ಬೆರೆಸುವವರು ಇಂದಿಗೂ ಇದ್ದಾರೆ. ಹೆಸರು ಹತ್ತಿರ, ವಿಷಯ ಹತ್ತಿರ, ಆದರೆ ವ್ಯಕ್ತಿಗಳು ಬೇರೆ.) ಒಂಟಿಕೊಪ್ಪಲು ಕಡೆಗೆ ಯಾದವಗಿರಿಯಲ್ಲಿದ್ದ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 1935ರ ಸೆಪ್ಟೆಂಬರ್ 10ರಂದು ಅವರು ಸಣ್ಣದೊಂದು ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಆರಂಭಿಸಿದರು. ಅದರ ಶಕ್ತಿ ಕೇವಲ 30 ವ್ಯಾಟ್. ಇಂದು ನಮ್ಮ ಸ್ನಾನದ ಮನೆಯ ಹಳೆಯ ಬಲ್ಬು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಕುವೆಂಪು ಅವರ ಕಾವ್ಯವಾಚನದಿಂದ ಪ್ರಸಾರ ಮೊದಲಾಯಿತೆಂದು ಮೈಸೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಬಳಿಕ 250 ವ್ಯಾಟಿನ ಯಂತ್ರ ಬಂತು. ಖರ್ಚಿನ ಬಹುಭಾಗ ಮೇಷ್ಟರ ಕಿಸೆಯದು. ಕೆಲಕಾಲ ಸಾರ್ವಜನಿಕರ ದೇಣಿಗೆ ಮತ್ತು ಮೈಸೂರು ನಗರಸಭೆಯ ನೆರವು ಕೂಡಿಕೊಂಡಿತು.

‘ಆಕಾಶವಾಣಿ’ ಎಂಬ ಹೆಸರು ಅವರ ಒಡನಾಡಿಯಾಗಿದ್ದ ಹಾಸ್ಯ ಸಾಹಿತಿ ನಾ. ಕಸ್ತೂರಿಯವರದೆಂದು ಸಾಮಾನ್ಯವಾಗಿ ನಂಬಲಾಗಿದೆ. ಆಗ ದೆಹಲಿಯಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರೇ ಹುಟ್ಟಿರಲಿಲ್ಲ. ಅದು ಬಂದದ್ದು 1936ರ ಜೂನ್‌ನಲ್ಲಿ. ಮೈಸೂರಿನ ಮನೆಯೊಂದರ ಹೆಸರು ಐವತ್ತರ ದಶಕದಲ್ಲಿ ದೇಶದ ಬಾನುಲಿಯ ಹೆಸರಾಯಿತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ಇಂಗ್ಲಿಷಿನಲ್ಲೂ ಹಳೆಯ ಹೆಸರನ್ನು ಬಿಟ್ಟು ಇದನ್ನೇ ಉಳಿಸಿಕೊಂಡಿತು. ಕನ್ನಡದ ಊರೊಂದು ದೆಹಲಿಗೆ ಕೊಟ್ಟ ಪದಗಳು ಹೆಚ್ಚೇನಿಲ್ಲ. ಇರುವ ಒಂದನ್ನು ನಾವು ಸಂಭ್ರಮದಿಂದ ಹೇಳಿಕೊಳ್ಳುವುದೂ ಇಲ್ಲ.

ಮೈಸೂರು ಸಂಸ್ಥಾನದ ಸರ್ಕಾರ 1942ರಲ್ಲಿ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರದ ಜಾಲಕ್ಕೆ ಸೇರಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ನಿಲಯ ಆರಂಭವಾದಾಗ ಮೈಸೂರಿನ ಸದ್ದು ಅಡಗಿತು. ಆ ಊರಿಗೆ ಮತ್ತೆ ನಿಲಯ ದಕ್ಕಿದ್ದು 1974ರಲ್ಲಿ. ಅಂದರೆ ದೇಶಕ್ಕೆ ಹೆಸರು ಕೊಟ್ಟ ಊರು ಸುಮಾರು ಎರಡು ದಶಕ ತನ್ನದೇ ದನಿಯಿಲ್ಲದೆ ಕುಳಿತಿತ್ತು. ಯಾರ ದುರುದ್ದೇಶವೂ ಇದರಲ್ಲಿರಲಿಲ್ಲ. ಯಂತ್ರ ದೊಡ್ಡದಾಯಿತು, ಕಚೇರಿ ದೊಡ್ಡದಾಯಿತು, ರಾಜಧಾನಿಗೆ ಹೋಯಿತು. ಮೇಷ್ಟರ ಕೈಯಿಂದ ಜಾರಿದ ಮೈಕು ಮತ್ತೊಬ್ಬ ಮೇಷ್ಟರ ಕೈ ಸೇರಲು ಮಾತ್ರ ಅರುವತ್ತು ವರ್ಷಗಳು ಬೇಕಾದವು.

ಹೊರದೇಶಗಳಲ್ಲಿ ಈ ಕಥೆ ಬೇರೆ ಹಾದಿ ಹಿಡಿಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಟೆರಿ ಎಂಬುವರು ವಿದ್ಯಾರ್ಥಿಗಳನ್ನು ಕೂಡಿಕೊಂಡು ಪ್ರಯೋಗಶಾಲೆಯಲ್ಲಿಯೇ ನಿರ್ವಾತ ನಳಿಗೆಗಳನ್ನು ತಯಾರಿಸಿ, ಮೊದಲ ಮಹಾಯುದ್ಧದ ಕಾಲದಲ್ಲಿಯೇ ರೈತರಿಗೆ ಹವಾಮಾನದ ವಿವರ ಕಳಿಸುತ್ತಿದ್ದರು. ಆ ಕೇಂದ್ರ 1922ರಲ್ಲಿ ಡಬ್ಲ್ಯುಎಚ್‌ಎ ಎಂಬ ಹೆಸರು ಪಡೆಯಿತು. ಇಂದಿಗೂ ಅದು ವಿಶ್ವವಿದ್ಯಾಲಯದ ನಂಟು ಉಳಿಸಿಕೊಂಡ ಸಾರ್ವಜನಿಕ ರೇಡಿಯೋ. ಗೋಪಾಲಸ್ವಾಮಿಯವರು ಮಾಡಿದ್ದೂ ಅದನ್ನೇ. ವಿಸ್ಕಾನ್ಸಿನ್ನಿನಲ್ಲಿ ವಿಶ್ವವಿದ್ಯಾಲಯ ಆ ಕೂಸನ್ನು ಸಾಕಿತು, ನಮ್ಮಲ್ಲಿ ಸರ್ಕಾರ ದತ್ತು ಪಡೆಯಿತು. ವ್ಯತ್ಯಾಸವಿರುವುದು ಇಲ್ಲಿ.

ಆಕಾಶವಾಣಿ ಎಂಬ ಪದವನ್ನು ಸ್ವಲ್ಪ ಎಳೆದು ನೋಡಿದರೆ ಅದರಲ್ಲಿ ಒಂದು ವಿಚಿತ್ರ ಅಡಗಿದೆ. ಪುರಾಣದ ಅಶರೀರವಾಣಿ ಕಂಸನಿಗೆ ಅವನ ಸಾವನ್ನು ಮುನ್ನುಡಿಯುತ್ತದೆ. ಕಂಸ ಅದಕ್ಕೆ ಉತ್ತರ ಕೊಡಲಾರ, ಪ್ರಶ್ನೆ ಕೇಳಲಾರ. ಮೇಲಿನಿಂದ ಬಂದ ಮಾತು, ಕೆಳಗಿನವರು ಕೇಳಬೇಕು, ಅಷ್ಟೆ. ನಮ್ಮ ಬಾನುಲಿ ಬಹುಕಾಲ ನಡೆದದ್ದೂ ಹೀಗೆಯೇ. ಅದನ್ನು ನಾನು ಹಳಿಯುತ್ತಿಲ್ಲ. ಕೃಷಿರಂಗ, ಯುವವಾಣಿ, ನಾಟಕಗಳು, ಸಂಗೀತ ಕಛೇರಿಗಳು ನನ್ನ ತಲೆಮಾರಿನ ಕಿವಿಯನ್ನು ತಿದ್ದಿವೆ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿ, ಕೇಳುವುದಕ್ಕೂ ಶುಲ್ಕ ಕಟ್ಟುತ್ತಿದ್ದ ತಂದೆಯವರು ಆ ಹಣ ವ್ಯರ್ಥವಾಯಿತೆಂದು ಒಮ್ಮೆಯೂ ಗೊಣಗಲಿಲ್ಲ. ಆದರೆ ಅವರಿಗೆ ಹೇಳಲು ಏನಾದರೂ ಇದ್ದಿದ್ದರೆ? ‘ಕೇಳುಗರ ಪತ್ರ’ಕ್ಕೆ ಒಂದು ಕಾರ್ಡು ಬರೆಯಬಹುದಿತ್ತು.

ಈ ಏಕಮುಖ ದಾರಿಗೆ ಮೊದಲ ತಿರುವು ಬಂದದ್ದು, ಸೋಜಿಗವೆಂದರೆ, ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳ ನೇರಪ್ರಸಾರದ ಹಕ್ಕು ಯಾರದೆಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿಯಲ್ಲಿ ತೀರ್ಪು ಬಂತು: ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ. ಮರುವರ್ಷ ನಮ್ಮ ಬೆಂಗಳೂರಿನಲ್ಲೇ ರೇಡಿಯೋ ಆಸಕ್ತರು ಸೇರಿ, ಜನರದೇ ಆದ ಸಣ್ಣ ಕೇಂದ್ರಗಳಿಗೆ ಅನುಮತಿ ಬೇಕೆಂದು ಒಂದು ಘೋಷಣೆ ಹೊರಡಿಸಿದರು. ಅದನ್ನು ಇಂದಿಗೂ ‘ಬೆಂಗಳೂರು ಘೋಷಣೆ’ ಎಂದೇ ಕರೆಯುತ್ತಾರೆ. ಅನುಮತಿ ಬರುವವರೆಗೆ ಕಾಯಲಾರದವರೂ ಇದ್ದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ, ಆಕಾಶದಲ್ಲಿ ಬಿತ್ತರಿಸುವ ಪರವಾನಗಿ ಇಲ್ಲದ ಕಾರಣ, ಹಳ್ಳಿಯ ಮನೆಗಳಿಗೆ ಕೇಬಲ್ ತಂತಿ ಎಳೆದು ಅದರ ಮೂಲಕ ಕಾರ್ಯಕ್ರಮ ಕೇಳಿಸಿದರು. ಹೆಂಗಸರೇ ಮಾತಾಡಿ, ಹೆಂಗಸರೇ ಧ್ವನಿಮುದ್ರಿಸಿದ ಆ ಪ್ರಯತ್ನದ ಹೆಸರು ‘ನಮ್ಮ ಧ್ವನಿ’. ಆಕಾಶವಾಣಿ, ನಮ್ಮ ಧ್ವನಿ: ಈ ಎರಡು ಹೆಸರುಗಳ ನಡುವೆ ಎಷ್ಟು ದೂರವಿದೆಯೆಂದು ಓದುಗರೇ ಅಳೆಯಬಹುದು.

2002ರ ಡಿಸೆಂಬರಿನಲ್ಲಿ ಸರ್ಕಾರ ಬಾಗಿಲನ್ನು ಅರ್ಧ ತೆರೆಯಿತು. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕ್ಯಾಂಪಸ್ ರೇಡಿಯೋ. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ಕೇಂದ್ರ ಆರಂಭಿಸಿತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಕರ್ನಾಟಕ ಹಿಂದೆ ಬೀಳಲಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 2007ರಲ್ಲಿ ರೈತರ ಹೊಲಕ್ಕೆ ಹೋಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಜೈನ್ ಶಿಕ್ಷಣ ಸಂಸ್ಥೆಯ ‘ರೇಡಿಯೋ ಆ್ಯಕ್ಟಿವ್’ 90.4ರಲ್ಲಿ ಮಾತಾಡತೊಡಗಿತು, ತ್ಯಾಜ್ಯ ಆಯುವವರು, ಲಿಂಗತ್ವ ಅಲ್ಪಸಂಖ್ಯಾತರು ಅಲ್ಲಿ ಅತಿಥಿಗಳಾಗಿ ಬರುವುದಷ್ಟೇ ಅಲ್ಲ, ನಿರೂಪಕರಾಗಿಯೂ ಕುಳಿತರು. 2027ಕ್ಕೆ ಧಾರವಾಡಕ್ಕೂ ಬೆಂಗಳೂರಿಗೂ ಇಪ್ಪತ್ತು ತುಂಬುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ರೇಡಿಯೋ ಸಾರಂಗ್’ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಗಳಲ್ಲಿಯೂ ಮಾತಾಡುತ್ತದೆ. ದೊಡ್ಡ ನಿಲಯಗಳಿಗೆ ಈ ಭಾಷೆಗಳು ವಾರದ ಒಂದು ಗಂಟೆಯ ಅತಿಥಿಗಳು, ಇಲ್ಲಿ ಮನೆಯವರು. ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ ಇಂದು ಐನೂರನ್ನು ದಾಟಿದೆ.

ಇವುಗಳ ಶಕ್ತಿ ಎಷ್ಟು? ಪ್ರಸಾರದ ಪರಿಣಾಮ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ. ಕಂಬದ ಎತ್ತರ 30 ಮೀಟರ್. ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ದನಿ ಕರಗುತ್ತದೆ. ಬಯಲುಸೀಮೆಯಲ್ಲಿ ಇದು ಹತ್ತಾರು ಹಳ್ಳಿ. ಬೆಂಗಳೂರಿನ ಕಟ್ಟಡಗಳ ನಡುವೆ ಎಷ್ಟೋ ಕಡೆ ಅದೂ ಇಲ್ಲ. ಆದರೂ ಇದು ಗೋಪಾಲಸ್ವಾಮಿಯವರ ಮೊದಲ ಯಂತ್ರದ ಮೂರು ಪಟ್ಟು. ಶಕ್ತಿಯ ಕೊರತೆಯೆಂದು ಅಳುವುದಕ್ಕೆ ಮೊದಲು ಇದನ್ನು ನೆನೆಯಬೇಕು.

ನನಗೆ ಚಿಂತೆ ತರುವುದು ವ್ಯಾಟಿನ ಲೆಕ್ಕವಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಒಂದು ಪ್ರಸಂಗವನ್ನು ಹೇಳಬೇಕು. ನಾನು ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದೆ. ನಗರದ ಒಂದು ಕ್ಯಾಂಪಸ್ ರೇಡಿಯೋದವರು ಬೀದಿಯ ಬದುಕಿನ ಬಗ್ಗೆ ಕಾರ್ಯಕ್ರಮ ಸರಣಿ ಮಾಡುತ್ತಿದ್ದು, ವಿದ್ಯಾರ್ಥಿಗಳನ್ನು ಕಳಿಸುವಂತೆ ಕೇಳಿದರು. ಮೂವರು ಹುಡುಗಿಯರನ್ನು ಕರೆದುಕೊಂಡು ನಮ್ಮ ಬೀದಿಗೇ ಬಂದೆ. ನಾಲ್ಕು ಮನೆ ಆಚೆ ಊದುಬತ್ತಿ ಹೊಸೆಯುತ್ತಿದ್ದ ತಾಯಿಯೊಬ್ಬರು ಮೊದಲು ನಾಚಿದರು. ಆಮೇಲೆ ಕೈ ನಿಲ್ಲಿಸದೆಯೇ ಮಾತಾಡಿದರು. ದಿನಕ್ಕೆ ಎಷ್ಟು ಸಾವಿರ ಹೊಸೆಯುವುದು, ಮಸಿ ಹಿಟ್ಟಿನಿಂದ ಬೆರಳ ಸಂದು ಹೇಗೆ ಬಿರಿಯುತ್ತದೆ, ಹಬ್ಬದ ಮೊದಲು ಗುತ್ತಿಗೆದಾರ ಹೇಗೆ ಅವಸರ ಮಾಡುತ್ತಾನೆ ಎಂದೆಲ್ಲ ವಿವರಿಸಿದರು. ತವರಿನ ಕಡೆಯ ಒಂದು ಸೋಬಾನೆ ಹಾಡಿದರು. ಕೊನೆಗೆ ನೀರಿನ ವಿಷಯಕ್ಕೆ ಬಂದರು. ಕಾವೇರಿ ನೀರು ಒಂದು ದಿನ ಬಿಟ್ಟು ಒಂದು ದಿನ ಬರಬೇಕು, ಬೀದಿಯ ಆ ತುದಿಗೆ ಬರುತ್ತದೆ, ಈ ತುದಿಗೆ ಬರುವುದಿಲ್ಲ, ನಾಲ್ಕು ಸಲ ಹೋಗಿ ಹೇಳಿದರೂ ಸಂಬಂಧಪಟ್ಟವರು ಬರಲಿಲ್ಲ. ಇದನ್ನು ಅವರು ತಗ್ಗಿದ ದನಿಯಲ್ಲಿ, ಯಾರನ್ನೂ ಬಯ್ಯದೆ, ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಇಡೀ ಧ್ವನಿಮುದ್ರಣದಲ್ಲಿ ಅತ್ಯುತ್ತಮವಾಗಿದ್ದುದು ಆ ಮೂರು ನಿಮಿಷ.

ಪ್ರಸಾರದ ದಿನ ಅವರ ಮನೆಯಲ್ಲಿ ಅಕ್ಕಪಕ್ಕದ ಏಳೆಂಟು ಹೆಂಗಸರು ಸೇರಿದ್ದರು. ದನಿ ಸರಿಯಾಗಿ ಸಿಗಲೆಂದು ಮಗ ರೇಡಿಯೋವನ್ನು ನೀರಿನ ತೊಟ್ಟಿಯ ಮೇಲೆ ಇಟ್ಟಿದ್ದ. ಸೋಬಾನೆ ಬಂತು, ಎಲ್ಲರೂ ನಕ್ಕರು. ಬೆರಳಿನ ಮಾತು ಬಂತು. ನಂತರ ನಿರೂಪಕಿ ಧನ್ಯವಾದ ಹೇಳಿ ಚಿತ್ರಗೀತೆ ಹಾಕಿದಳು.

‘ಮೇಷ್ಟ್ರೇ, ನೀರಿನ ವಿಷ್ಯ ಹೇಳಿದ್ನಲ್ಲ, ಅದೆಲ್ಲಿ ಹೋಯ್ತು?’ ಎಂದು ಕೇಳಿದರು ಆಕೆ.

ಮರುದಿನ ವಿಚಾರಿಸಿದೆ. ‘ಅದು ಸುದ್ದಿಯಾಗುತ್ತದೆ ಸಾರ್, ನಮಗೆ ಸುದ್ದಿಗೆ ಅನುಮತಿಯಿಲ್ಲ’ ಎಂಬ ಉತ್ತರ ಬಂತು. ಹೇಳಿದವರು ಒಳ್ಳೆಯ ಹುಡುಗರು. ಅವರ ಮೇಲೂ ಯಾರೋ ಇದ್ದರು, ಆ ಯಾರೋ ಮೇಲೆ ಇನ್ಯಾರೋ.

ನಿಯಮ ಹೇಳುವುದೇನು? ಸಮುದಾಯ ಬಾನುಲಿ ಕೇಂದ್ರಗಳು ಸುದ್ದಿಯನ್ನು, ರಾಜಕೀಯ ಸ್ವರೂಪದ ಪ್ರಚಲಿತ ವಿದ್ಯಮಾನಗಳನ್ನು ಬಿತ್ತರಿಸುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮಾತ್ರ ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ನೀರು, ವಿದ್ಯುತ್ತು, ಹವಾಮಾನ, ಪರೀಕ್ಷೆ ಇಂಥ ನಾಗರಿಕ ಮಾಹಿತಿಗೆ ಅಡ್ಡಿಯಿಲ್ಲ. ಹಾಗಾದರೆ ನೀರು ಬರುವ ಹೊತ್ತನ್ನು ಹೇಳಿದರೆ ಮಾಹಿತಿ. ಬಾರದಿದ್ದುದೇಕೆ ಎಂದು ಬೀದಿಯ ಹೆಂಗಸು ಕೇಳಿದರೆ ಸುದ್ದಿಯೇ? ನಿಯಮದ ಅಕ್ಷರದಲ್ಲಿ ಹಾಗೇನೂ ಇಲ್ಲ. ಹಾಗೆ ಓದಿಕೊಂಡದ್ದು ಸಂಸ್ಥೆಯ ಅಂಜಿಕೆ. ಪರವಾನಗಿಯ ನವೀಕರಣ, ವರ್ಷವರ್ಷದ ತರಂಗಾಂತರ ಶುಲ್ಕ, ಅನುದಾನದ ಕಡತ, ಇವೆಲ್ಲ ಯಾರದೋ ಮೇಜಿನ ಮೇಲಿರುವಾಗ ಕುಲಸಚಿವರಾದವರು ಗೆರೆಯಿಂದ ಹತ್ತು ಮಾರು ಹಿಂದೆಯೇ ನಿಲ್ಲುವುದು ಸಹಜ.

ಇನ್ನೊಂದು ಬದಿಯ ವಾದವೂ ನನಗೆ ಗೊತ್ತಿದೆ. ಮೈಕು ಸಿಕ್ಕರೆ ಜಾತಿ, ಪಕ್ಷ, ಮತಗಳ ಜಗಳವನ್ನು ಬೀದಿಗೆ ತರುವವರು ಕಡಿಮೆಯಿಲ್ಲ. ರೇಡಿಯೋ ಒಂದು ದೇಶದಲ್ಲಿ ಏನು ಮಾಡಬಲ್ಲದೆಂಬುದಕ್ಕೆ 1994ರ ರುವಾಂಡಾ ಸಾಕ್ಷಿಯಾಗಿದೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಖಾಸಗಿ ಟೆಲಿವಿಷನ್ನಿಗೆ ಇಪ್ಪತ್ತನಾಲ್ಕು ಗಂಟೆ ಕೂಗಲು ಅವಕಾಶವಿದೆ, ಪ್ರತಿ ಕಿಸೆಯಲ್ಲಿರುವ ಮೊಬೈಲಿನಲ್ಲಿ ಯಾರು ಏನನ್ನಾದರೂ ಹರಿಯಬಿಡಬಹುದು. ಹೀಗಿರುವಾಗ ಹೆಸರು, ವಿಳಾಸ, ಪರವಾನಗಿ, ಪ್ರಾಧ್ಯಾಪಕ ಮಂಡಳಿ ಎಲ್ಲವೂ ಇರುವ ವಿಶ್ವವಿದ್ಯಾಲಯದ ನೂರು ವ್ಯಾಟಿನ ಕೇಂದ್ರವನ್ನು ಮಾತ್ರ ನಂಬಲಾಗದು ಎನ್ನುವ ತರ್ಕ ನನಗೆ ಅರ್ಥವಾಗುವುದಿಲ್ಲ. ಸುದ್ದಿಯನ್ನು ಪರೀಕ್ಷಿಸಿ, ಎರಡೂ ಕಡೆಯವರನ್ನು ಕೇಳಿ, ಹೆಸರಿನ ಹೊಣೆ ಹೊತ್ತು ಹೇಳುವುದನ್ನು ಕಲಿಸುವ ಜಾಗ ಬೇರೆ ಎಲ್ಲಿದೆ? ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿ ತರಗತಿಯಲ್ಲಿ ವರದಿಗಾರಿಕೆ ಕಲಿತು, ಪಕ್ಕದ ಕೊಠಡಿಯ ಸ್ಟುಡಿಯೋಗೆ ಹೋಗಿ ಚಿತ್ರಾನ್ನ ಮಾಡುವ ಬಗೆಯನ್ನು ಮಾತ್ರ ಹೇಳಬೇಕಾದ ಸ್ಥಿತಿ ನಗು ತರಿಸುತ್ತದೆ.

2024ರ ಫೆಬ್ರವರಿಯಲ್ಲಿ ನೀತಿ ಪರಿಷ್ಕಾರವಾಯಿತು. ಪರವಾನಗಿಯ ಅವಧಿ ಹತ್ತು ವರ್ಷಕ್ಕೆ ಏರಿತು. ಜಾಹೀರಾತಿನ ಸಮಯ ಗಂಟೆಗೆ 7 ನಿಮಿಷದಿಂದ 12ಕ್ಕೆ ಹೋಯಿತು. ಒಳ್ಳೆಯದೇ. ಹಣವಿಲ್ಲದೆ ಕೇಂದ್ರ ನಡೆಯದು. ಆದರೆ ಸುದ್ದಿಯ ಬಾಗಿಲು ಮುಚ್ಚಿಯೇ ಉಳಿಯಿತು. ಸಾಬೂನಿನ ಬಗ್ಗೆ ಗಂಟೆಗೆ ಹನ್ನೆರಡು ನಿಮಿಷ ಮಾತಾಡಬಹುದಾದ ಕಡೆ, ನಲ್ಲಿಯ ಬಗ್ಗೆ ಮೂರು ನಿಮಿಷ ಮಾತಾಡಲು ಹೆದರಬೇಕಾಗಿದೆ.

ವಾರ್ಷಿಕೋತ್ಸವಗಳ ಹೊತ್ತಿನಲ್ಲಿ ಮತ್ತೊಂದು ವಿಷಯ. ಸ್ಮರಣ ಸಂಚಿಕೆ, ಫಲಕ, ಹಾರ, ಗಣ್ಯರ ಶುಭಾಶಯ ಇವುಗಳಿಗೆ ಕೊರತೆಯಾಗುವುದಿಲ್ಲ. ಧ್ವನಿಮುದ್ರಿಕೆಗಳ ಕಪಾಟನ್ನು ತೆರೆದು ನೋಡುವವರು ಕಡಿಮೆ. ಕ್ಯಾಸೆಟ್ಟಿನ ಕಾಲದ ಹಾಡುಗಾರ್ತಿಯರ ಪದಗಳು ನನ್ನ ಬಳಿ ಎರಡು ಶೂ ಡಬ್ಬಿಗಳಲ್ಲಿವೆ. ಮೊನ್ನೆ ತೆಗೆದಾಗ ಟೇಪಿನ ಮೇಲೆ ಬಿಳಿಯ ಬೂಷ್ಟು ಹತ್ತಿತ್ತು. ಕ್ಯಾಂಪಸ್ ಕೇಂದ್ರಗಳ ಮೊದಲ ವರ್ಷಗಳ ಕಾರ್ಯಕ್ರಮಗಳು ಯಾವ ಯಾವ ಕಂಪ್ಯೂಟರಿನ ಹೊಟ್ಟೆಯಲ್ಲಿ ಕುಳಿತಿವೆಯೋ, ಆ ಕಂಪ್ಯೂಟರುಗಳು ಯಾವ ಗುಜರಿಗೆ ಹೋಗಿವೆಯೋ. ವಿಶ್ವವಿದ್ಯಾಲಯವೆಂದರೆ ಗ್ರಂಥಾಲಯವೂ ಹೌದು. ಶಾಸನದ ಪಡಿಯಚ್ಚನ್ನು, ತಾಳೆಗರಿಯನ್ನು ಕಾಪಾಡುವ ಸಂಸ್ಥೆ ಇಪ್ಪತ್ತು ವರ್ಷಗಳ ಹಿಂದಿನ ರೈತನ ಮಾತನ್ನು ಕಾಪಾಡಬೇಕು. ಅದಕ್ಕೆ ಬೇಕಾದದ್ದು ಒಬ್ಬ ಗ್ರಂಥಪಾಲಕ ಮತ್ತು ಒಂದಿಷ್ಟು ಡಿಸ್ಕುಗಳು. ಒಂದು ವಾರ್ಷಿಕೋತ್ಸವದ ಶಾಮಿಯಾನದ ಖರ್ಚು.

ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟರಾಗಿದ್ದುದು ಆಕಸ್ಮಿಕವಲ್ಲವೆಂದು ನನಗೆ ಅನಿಸುತ್ತದೆ. ಭೌತಶಾಸ್ತ್ರದವರಿಗೆ ಅಲೆಯ ಮೇಲೆ ಆಸಕ್ತಿ, ಅವರಿಗೆ ಕೇಳುವ ಮನುಷ್ಯನ ಮೇಲೆ. ಮನೆಯ ಕೋಣೆಯಲ್ಲಿ ಯಂತ್ರ ಹೂಡಿ, ಕವಿಯನ್ನೂ ಸಂಗೀತಗಾರರನ್ನೂ ಕರೆದು ಕೂರಿಸಿದ ಆ ಹುಂಬತನ ಇಂದಿನ ವಿಶ್ವವಿದ್ಯಾಲಯಗಳಲ್ಲಿ ಎಲ್ಲಿದೆ? ನ್ಯಾಕ್ ಸಮಿತಿ ಬಂದಾಗ ತೋರಿಸುವ ಸೌಲಭ್ಯಗಳ ಪಟ್ಟಿಯಲ್ಲಿ ಈಜುಕೊಳದ ಪಕ್ಕ ರೇಡಿಯೋ ಕೇಂದ್ರವೂ ಸೇರಿಕೊಂಡರೆ ಅದರ ಕಥೆ ಮುಗಿದಂತೆ.

ನಮ್ಮ ಬೀದಿ ಈಗ ಬದಲಾಗಿದೆ. 2015ರ ನವೆಂಬರಿನಲ್ಲಿ ಮೆಟ್ರೋ ವಿಜಯನಗರದ ಮೇಲೆ ಹಾದುಹೋದ ಮೇಲೆ ಹೆಂಚಿನ ಮನೆಗಳು ಒಂದೊಂದಾಗಿ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳಾದವು. ಊದುಬತ್ತಿಯ ಹಲಗೆಗಳು ಕಾಣೆಯಾದವು. ಕಡ್ಡಿಗೆ ಹಿಟ್ಟು ಮೆತ್ತುವ ಕೆಲಸವನ್ನು ಈಗ ಯಂತ್ರಗಳು ಮಾಡುತ್ತವೆ. ಆ ತಾಯಿಯ ಮನೆ ಮಾತ್ರ ಹಾಗೆಯೇ ಇದೆ. ಕಳೆದ ಸೆಪ್ಟೆಂಬರಿನಲ್ಲಿ, ಪತ್ರಿಕೆಯಲ್ಲಿ ಆಕಾಶವಾಣಿಯ ತೊಂಬತ್ತರ ಸುದ್ದಿ ಓದಿದ ಸಂಜೆ, ಅವರನ್ನು ತರಕಾರಿ ಗಾಡಿಯ ಬಳಿ ಕಂಡೆ. ಹಳೆಯ ಕಾರ್ಯಕ್ರಮದ ನೆನಪಿದೆಯೇ ಎಂದು ಕೇಳಿದೆ.

‘ಇಲ್ದೆ ಏನು. ಹಾಡು ಹಾಕಿದ್ರು, ನೀರು ಬಿಟ್ಬಿಟ್ರು’ ಎಂದರು. ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತಲೇ, ಈಗ ನೀರು ಬರುತ್ತಿದೆಯೆಂದೂ, ಆದರೆ ರಾತ್ರಿ ಎರಡು ಗಂಟೆಗೆ ಎಂದೂ ತಿಳಿಸಿದರು.